ಮಣಿಪುರದ ಕಾಲ್ಚೆಂಡಾಟಗಾರ್ತಿಯರೂ ಅವರ ಅನ್ನವೂ

ಇಂಫಾಲಕ್ಕೆ ಹೊರಟವರಿಗೆ ಹಿತೈಷಿಗಳು ಕೊಡುವ ಸಲಹೆಗಳು ಬಹುಮಟ್ಟಿಗೆ ಒಂದೇ ತೆರನಾದುವು. ಲೋಕ್‌ಟಾಕ್ ಸರೋವರವನ್ನೂ ಅದರ ಮೇಲೆ ತೇಲುವ ಹುಲ್ಲಿನ ನಡುಗಡ್ಡೆಗಳನ್ನೂ ನೋಡಬೇಕು. ಕಾಂಗ್ಲಾ ಕೋಟೆಯನ್ನು ನೋಡಬೇಕು. ಗೋವಿಂದಜೀಯ ದೇವಾಲಯದಲ್ಲಿ ಪ್ರಸಾದ ಸ್ವೀಕರಿಸದೆ ಬರಕೂಡದು. 2022ನೆಯ ಇಸವಿಯ ದಸರೆಯ ರಜೆಯಲ್ಲಿ ನಾವು ಕುಟುಂಬಸಮೇತರಾಗಿ ಅಲ್ಲಿಗೆ ಹೋದಾಗ ಇವೆಲ್ಲವನ್ನೂ ಯಥಾವಕಾಶವಾಗಿ ನೋಡಿದೆವು. ಅಳಿಯಂದಿರಿಗೆ ಆಗ ಅಲ್ಲಿ ಉದ್ಯೋಗವಿದ್ದುದರಿಂದ ವಸತಿಗೆ ತೊಂದರೆಯಿರಲಿಲ್ಲ. ಆದರೆ ಈಗ ನಾವು ಬರೆಯಹೊರಟಿರುವುದು ಈ ಪ್ರೇಕ್ಷಣೀಯ ಸ್ಥಳಗಳ ವಿಚಾರವನ್ನಲ್ಲ. ನೋಡಿರೆಂದು ನಮಗೆ ಯಾರೂ ಹೇಳದಿದ್ದ, ಆದರೂ ಆ ಪ್ರವಾಸದಲ್ಲಿ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನಿಂತ ಒಂದು ಬಯಲನ್ನೂ, ಅಲ್ಲಿ ಕಾಲ್ಚೆಂಡಾಡುತ್ತಿದ್ದ ಹುಡುಗಿಯರನ್ನೂ, ಅವರ ಊಟವನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇಂಫಾಲದ ಕಣಿವೆ ಸಮುದ್ರಮಟ್ಟಕ್ಕಿಂತ ಸುಮಾರು 780 ಮೀಟರು ಎತ್ತರದಲ್ಲಿದೆ. ಸುತ್ತಲೂ ನೀಲಿ ಬೆಟ್ಟಗಳು. ನಡುವೆ ತಟ್ಟೆಯಂತೆ ಸಮವಾದ ಬತ್ತದ ಭೂಮಿ. ಅರ್ಜುನನು ಚಿತ್ರಾಂಗದೆಯನ್ನು ವರಿಸಿದ ಮಣಿಪುರ ಇದೇ ಎಂದು ಅಲ್ಲಿನವರಲ್ಲಿ ಅನೇಕರು ನಂಬಿದ್ದಾರೆ. ಮಹಾಭಾರತವನ್ನು ಶೋಧಿಸಿದ ವಿದ್ವಾಂಸರಿಗೆ ಇದರಲ್ಲಿ ಸಂದೇಹವುಂಟು. ಆ ಮಣಿಪುರ ಕಳಿಂಗದ ಕಡಲ ತೀರದ ಕಡೆಗೆ ಇದ್ದಿತೆಂದು ಅವರ ವಾದ. ನಾವು ಆ ವಿವಾದಕ್ಕೆ ಕೈಹಾಕುವುದಿಲ್ಲ. ಗಂಡುಮಕ್ಕಳಂತೆ ಬೆಳೆದ ಹೆಣ್ಣುಮಕ್ಕಳ ಊರು ಎಂಬ ಕಥೆ ಮಾತ್ರ ಈ ಊರಿಗೆ ಒಪ್ಪುತ್ತದೆ.

ಪೂರ್ವದ ಆ ನಾಡಿನಲ್ಲಿ ಸೂರ್ಯನು ನಮ್ಮ ಗಡಿಯಾರಕ್ಕಾಗಿ ಕಾಯುವುದಿಲ್ಲ. ಅಕ್ಟೋಬರ್ ತಿಂಗಳಲ್ಲಿ ಐದು ಗಂಟೆಗೆಲ್ಲ ಬೆಳಕು ಹರಿಯುತ್ತದೆ. ಸಂಜೆಯೂ ಐದಕ್ಕೇ ದೀಪ ಹಚ್ಚಬೇಕು. ಬೆಳಗಿನ ವಾಯುಸೇವನೆಯ ಅಭ್ಯಾಸ ನಮಗೆ ಬಹುಕಾಲದ್ದು. ಹೋದ ಮರುದಿನವೇ ಊರ ಹೊರವಲಯದ ಕಡೆಗೆ ನಡೆದೆವು. ಒಂದು ಕೆರೆಯ ಪಕ್ಕದಲ್ಲಿ, ಮಂಜು ಇನ್ನೂ ಎದ್ದಿರದ ಬಯಲಿನಲ್ಲಿ, ಹದಿಮೂರರಿಂದ ಹದಿನೆಂಟು ವರ್ಷದವರೆಗಿನ ಮೂವತ್ತು ಹುಡುಗಿಯರು ಚೆಂಡಾಡುತ್ತಿದ್ದರು. ಕೆಲವರ ಕಾಲಿನಲ್ಲಿ ಬೂಟುಗಳು, ಕೆಲವರದು ಬರಿಗಾಲು. ನಡುವಯಸ್ಸಿನ ಹೆಂಗಸೊಬ್ಬರು ಸೀಟಿಯನ್ನು ಕೊರಳಿಗೆ ಕಟ್ಟಿಕೊಂಡು ನಿಂತಿದ್ದರು. ಹುಡುಗಿಯರು ಅವರನ್ನು ‘ಇಚೆ’ ಎಂದು ಕರೆಯುತ್ತಿದ್ದರು, ಅಂದರೆ ಅಕ್ಕ. ನಾವೂ ಈ ಲೇಖನದಲ್ಲಿ ಅವರನ್ನು ಅಕ್ಕನೆಂದೇ ಕರೆಯುತ್ತೇವೆ.

ಆಟ ಪ್ರಾರಂಭವಾಗುವುದಕ್ಕೆ ಮೊದಲು ಅವರು ಒಬ್ಬೊಬ್ಬಳ ಮುಂದೆಯೂ ನಿಂತು ಒಂದೇ ಪ್ರಶ್ನೆಯನ್ನು ಕೇಳಿದರು: “ಚಾಕ್ ಚಾರಬ್ರಾ?” ಇದೇನು, ಸಾಮಾನ್ಯವಾದ ಕುಶಲಪ್ರಶ್ನೆಯೇ ಅಥವಾ ಆಟದ ಯಾವುದಾದರೂ ಆಜ್ಞೆಯೇ ಎಂದು ನಮಗೆ ತಿಳಿಯಲಿಲ್ಲ. ಆಟ ಮುಗಿದ ಮೇಲೆ ನಮ್ಮ ಮುರುಕು ಹಿಂದಿಯಲ್ಲಿ ವಿಚಾರಿಸಲಾಗಿ ಅದರ ಅರ್ಥ ತಿಳಿಯಿತು. ಚಾಕ್ ಎಂದರೆ ಅನ್ನ. “ಅನ್ನ ಉಂಡೆಯಾ?” ಎಂಬುದು ಮೈತೇಯಿ ಜನರ ನಿತ್ಯದ ಉಪಚಾರದ ಮಾತು. ನಮ್ಮ ಹಳ್ಳಿಗಳಲ್ಲಿ ದಾರಿಯಲ್ಲಿ ಸಿಕ್ಕವರನ್ನು “ಊಟ ಆಯಿತೆ?” ಎಂದು ಕೇಳುವುದಿಲ್ಲವೆ, ಹಾಗೆ. ನಾವು ಅದನ್ನು ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಈ ಅಕ್ಕನು ಉತ್ತರಕ್ಕೆ ಕಾಯುತ್ತಿದ್ದರು. ಆ ದಿನ ನಾಲ್ವರು ಹುಡುಗಿಯರು ತಲೆ ಬಗ್ಗಿಸಿದ್ದರು. ಆ ನಾಲ್ವರಿಗೆ ಓಟಕ್ಕೆ ಮೊದಲು ಒಂದೊಂದು ಬಾಳೆಯಹಣ್ಣು ದೊರೆಯಿತು. ಆಟ ಮುಗಿದೊಡನೆ ಎಲ್ಲರ ಮುಂದೆಯೂ ಒಂದು ಬಕೆಟ್ಟು ಬಂದಿತು. ಅದರ ತುಂಬ ರಾತ್ರಿ ನೆನೆಹಾಕಿದ ಕಡಲೆಕಾಳು. ಬೊಗಸೆ ಬೊಗಸೆಯಾಗಿ ಹಂಚಿಯಾಯಿತು. ವಾರಕ್ಕೆ ಎರಡು ದಿನ ಬೇಯಿಸಿದ ಮೊಟ್ಟೆಯೂ ಉಂಟಂತೆ, ಹಣವಿದ್ದರೆ.

“ಮಾಸ್ಟರ್‌ಜಿ, ಮೊದಲು ನಾನು ಇವರಿಗೆ ಬರಿಯ ಆಟ ಕಲಿಸುತ್ತಿದ್ದೆ,” ಎಂದರು ಅಕ್ಕ. “ಪಂದ್ಯದ ಮೊದಲರ್ಧದಲ್ಲಿ ಜಿಂಕೆಗಳಂತೆ ಓಡುತ್ತಿದ್ದರು. ಎರಡನೆಯ ಅರ್ಧದಲ್ಲಿ ಕಾಲು ಬರುತ್ತಿರಲಿಲ್ಲ. ಸೋಮಾರಿಗಳೆಂದು ಬೈಯುತ್ತಿದ್ದೆ. ಆಮೇಲೆ ಒಂದು ದಿನ ಸಾಲಾಗಿ ನಿಲ್ಲಿಸಿ, ಬೆಳಗ್ಗೆ ಏನು ತಿಂದಿರಿ ಎಂದು ಕೇಳಿದೆ. ಹಾಲಿಲ್ಲದ ಚಹ. ಹೆಚ್ಚಿನವರದು ಅಷ್ಟೇ.”

ಈ ಮಾತು ನಮ್ಮ ಎದೆಗೆ ನಾಟಿದುದಕ್ಕೆ ಕಾರಣವನ್ನು ಹೇಳಲೇಬೇಕು. ಉಪಾಧ್ಯಾಯವೃತ್ತಿಯ ಮೊದಲ ವರ್ಷಗಳಲ್ಲಿ, ಕಳೆದ ಶತಮಾನದ ಕೊನೆಯ ಭಾಗದಲ್ಲಿ, ನಾವು ಮೈಸೂರು ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಸಂಸ್ಕೃತ ಕಲಿಸುವುದು ನಮ್ಮ ಕೆಲಸ. ಆಟದ ಮೇಷ್ಟ್ರಿಲ್ಲದ ಶಾಲೆಯಾದುದರಿಂದ ಆಟದ ಪಾಠವೂ ನಮ್ಮ ಪಾಲಿಗೇ ಬಂದಿತು. ಏಳನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಓಡುವುದರಲ್ಲಿ ಹುಡುಗರನ್ನೂ ಮೀರಿಸಿದವಳು. ತಾಲ್ಲೂಕಿನ ಪಂದ್ಯಗಳಿಗೆ ಒಂದು ವಾರವಿರುವಾಗ ಅವಳು ಎರಡು ಸುತ್ತು ಓಡಿ ನಿಂತುಬಿಟ್ಟಳು. ನಾವು ಗದರಿಸಿದೆವು. ಮತ್ತೆ ಓಡಿದಳು, ಬಿದ್ದಳು. ಆಯಾಸದ ನಟನೆಯೆಂದು ಭಾವಿಸಿ, ಎಲ್ಲರ ಮುಂದೆ ಅನ್ನಬಾರದ ಮಾತನ್ನು ಅಂದೆವು. ಹಿಂದಿನ ದಿನ ಮಧ್ಯಾಹ್ನದಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವೆಂಬುದು ಅವಳ ಜೊತೆಯ ಹುಡುಗಿಯಿಂದ ತಿಳಿದುದು ಸಂಜೆಗೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಆ ಕಾಲಕ್ಕೆ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಬಂದುದು 2002ರಿಂದ ಈಚೆಗೆ. ಆ ಹುಡುಗಿ ಮತ್ತೆ ಓಡಲಿಲ್ಲ. ನಾವೂ ಕೇಳಲಿಲ್ಲ.

ಇಂಫಾಲದ ಬಯಲಿಗೆ ಮರುದಿನವೂ ಹೋದೆವು. ಆಮೇಲೆ ಅಲ್ಲಿದ್ದಷ್ಟು ದಿನವೂ ಹೋದೆವು.

ಹೆಣ್ಣುಮಕ್ಕಳ ಕಾಲ್ಚೆಂಡಾಟದಲ್ಲಿ ಮಣಿಪುರದ ಹಿರಿಮೆ ಸಾಧಾರಣವಾದುದಲ್ಲ. 2011ರ ಗಣತಿಯಂತೆ ಮೂವತ್ತು ಲಕ್ಷ ಜನರೂ ಇಲ್ಲದ ಈ ಪುಟ್ಟ ರಾಜ್ಯ, ಹಿರಿಯ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಯನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ಭಾರತದ ತಂಡದ ನಾಯಕಿಯಾಗಿದ್ದ ಓಯಿನಾಮ್ ಬೆಂಬೆಂ ದೇವಿಯವರು ಇಂಫಾಲದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಜನವರಿಯಲ್ಲಿ ಇಲ್ಲಿಯವರೇ ಆದ ಙಾಂಗೊಮ್ ಬಾಲಾ ದೇವಿಯವರು ಸ್ಕಾಟ್ಲೆಂಡಿನ ರೇಂಜರ್ಸ್ ತಂಡವನ್ನು ಸೇರಿದರು. ಇಂಥ ಹೆಸರುಗಳನ್ನು ಆ ಬಯಲಿನ ಹುಡುಗಿಯರು ನಮ್ಮ ಮಕ್ಕಳು ಸಿನಿಮಾ ನಟಿಯರ ಹೆಸರು ಹೇಳುವಂತೆ ಹೇಳುತ್ತಾರೆ.

ಮೂರನೆಯ ದಿನ ಅಕ್ಕನು ನಮ್ಮನ್ನೂ ನಮ್ಮ ಮನೆಯವರನ್ನೂ ‘ಇಮಾ ಕೈಥೆಲ್’ಗೆ ಕರೆದುಕೊಂಡು ಹೋದರು. ಇಮಾ ಎಂದರೆ ತಾಯಿ. ಇದು ತಾಯಂದಿರ ಪೇಟೆ. ಸಾವಿರಾರು ಜನ ಹೆಂಗಸರು ಸಾಲುಸಾಲಾಗಿ ಎತ್ತರದ ಕಟ್ಟೆಗಳ ಮೇಲೆ ಕುಳಿತು ವ್ಯಾಪಾರ ಮಾಡುತ್ತಾರೆ. ಗಂಡಸರಿಗೆ ಅಲ್ಲಿ ಕೊಳ್ಳುವ ಅಧಿಕಾರವುಂಟು, ಮಾರುವ ಅಧಿಕಾರವಿಲ್ಲ. ಸೊಪ್ಪುಗಳ ರಾಶಿ, ತಾವರೆಯ ದಂಟು, ಕಪ್ಪು ಅಕ್ಕಿ, ಮಂಡಕ್ಕಿಯ ಉಂಡೆ, ನೆಲ್ಲಿಕಾಯಿ, ಬಾಳೆಯ ಹೂವು, ಹುಳಿ ಬರಿಸಿದ ಸೋಯಾ ಅವರೆ. ಇನ್ನೊಂದು ಕಡೆ ಮೀನು: ಜೀವಂತವಾದುದು, ಒಣಗಿಸಿದುದು, ಮಡಕೆಯಲ್ಲಿ ತಿಂಗಳುಗಟ್ಟಲೆ ಹುಳಿಸಿದುದು. ಈ ಕೊನೆಯದಕ್ಕೆ ‘ಙಾರಿ’ ಎಂದು ಹೆಸರು. ಶಾಕಾಹಾರಿಗಳಾದ ನಮಗೆ ಅದರ ವಾಸನೆಯನ್ನು ದಾಟಿ ಹೋಗುವುದು ಒಂದು ಸಣ್ಣ ತಪಸ್ಸೇ ಆಯಿತು. ಅಕ್ಕನು ನಕ್ಕು, “ಇದಿಲ್ಲದೆ ನಮಗೆ ಅನ್ನ ಇಳಿಯದು,” ಎಂದರು. ಬೇಯಿಸಿದ ಗೆಡ್ಡೆ ಸೊಪ್ಪುಗಳ ಜೊತೆಗೆ ಙಾರಿಯನ್ನೂ ಮೆಣಸಿನಕಾಯಿಯನ್ನೂ ಸೇರಿಸಿ ಕಿವುಚಿದರೆ ‘ಇರೋಂಬ’. ಬಡವರ ಮನೆಯಲ್ಲಿಯೂ ಅದು ದಿನವೂ ಇರುತ್ತದೆ. ಸಣ್ಣ ಮೀನನ್ನು ಮುಳ್ಳುಸಹಿತವಾಗಿ ತಿನ್ನುವುದರಿಂದ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಅದರಿಂದ ದೊರೆಯುತ್ತದೆ. ಮೂಗು ಮುಚ್ಚಿಕೊಂಡಾದರೂ ನಾವು ಇದನ್ನು ಒಪ್ಪಬೇಕು.

ಈ ಪೇಟೆಯ ಹೆಂಗಸರ ವಿಷಯವಾಗಿ ಒಂದು ಇತಿಹಾಸವುಂಟು. 1939ರಲ್ಲಿ ವ್ಯಾಪಾರಿಗಳು ಅಕ್ಕಿಯನ್ನು ಗಿರಣಿಗಳಲ್ಲಿ ಕುಟ್ಟಿಸಿ ಹೊರನಾಡಿಗೆ ಸಾಗಿಸುತ್ತ ಬಂದುದರಿಂದ ಇಂಫಾಲದಲ್ಲಿ ಅಕ್ಕಿ ಸಿಕ್ಕದಂತಾಯಿತು. ಡಿಸೆಂಬರ್ 12ನೆಯ ತಾರೀಕು ಹೆಂಗಸರು ಸಾವಿರಗಟ್ಟಲೆಯಾಗಿ ಕೂಡಿ, ದರ್ಬಾರಿನ ಅಧ್ಯಕ್ಷನಾಗಿದ್ದ ಆಂಗ್ಲ ಅಧಿಕಾರಿಯನ್ನು ತಂತಿಕಚೇರಿಯಲ್ಲಿ ಸುತ್ತುಗಟ್ಟಿ ನಿಂತರು. ಮಹಾರಾಜರು ಆಗ ನವದ್ವೀಪದಲ್ಲಿದ್ದರು. ಅವರಿಗೆ ತಂತಿ ಕೊಟ್ಟು ಅಕ್ಕಿಯ ರಫ್ತನ್ನು ನಿಲ್ಲಿಸಬೇಕೆಂದು ಇವರ ಬೇಡಿಕೆ. ಸೈನಿಕರ ಬಂದೂಕಿನ ಈಟಿಗಳಿಂದ ಹಲವರು ಗಾಯಗೊಂಡರು. ರಫ್ತು ನಿಂತಿತು. ಇದಕ್ಕೆ ‘ನುಪಿ ಲಾನ್’, ಎಂದರೆ ಹೆಂಗಸರ ಯುದ್ಧ, ಎಂದು ಹೆಸರು. ಆ ದಿನವನ್ನು ಅವರು ಪ್ರತಿವರ್ಷವೂ ಸ್ಮರಿಸುತ್ತಾರೆ. ಅನ್ನಕ್ಕಾಗಿ ಯುದ್ಧ ಮಾಡಿದವರ ಮೊಮ್ಮಕ್ಕಳು, ಮರಿಮಕ್ಕಳು ಬರಿಯ ಚಹ ಕುಡಿದು ಬಯಲಿಗೆ ಬರುವುದೇಕೆ?

ಇದಕ್ಕೆ ಉತ್ತರ ನಮಗೆ ದೊರೆತುದು ಒಬ್ಬ ಆಟಗಾರ್ತಿಯ ಮನೆಯಲ್ಲಿ. ಹದಿನಾರು ವರ್ಷದ ಹುಡುಗಿ. ಆ ತಂಡದಲ್ಲಿ ನಡುಬಯಲಿನ ಸ್ಥಾನ ಅವಳದು. ಅಂದರೆ ಎಲ್ಲರಿಗಿಂತ ಹೆಚ್ಚು ಓಡುವವಳು. ತಾಯಿ ಪೇಟೆಯಲ್ಲಿ ಸೊಪ್ಪು ಮಾರುತ್ತಾಳೆ; ತಂದೆಗೆ ಸ್ವಲ್ಪ ಗದ್ದೆಯುಂಟು. ಅಕ್ಕನ ಜೊತೆಗೆ ನಾವಿಬ್ಬರೂ ಅವರ ಮನೆಗೆ ಊಟಕ್ಕೆ ಹೋದೆವು. ತುಳಸಿಯ ಕಟ್ಟೆ, ಸಗಣಿಯಿಂದ ಸಾರಿಸಿದ ಅಂಗಳ. ಒಂದು ಕ್ಷಣ ನಮ್ಮ ಊರೇ ಎನ್ನಿಸಿತು. ನಮಗಾಗಿ ಮೀನು ಸೋಕದ ಪಾತ್ರೆಯಲ್ಲಿ ‘ಊಟಿ’ಯನ್ನು ಮಾಡಿದ್ದರು. ಇದು ಬಟಾಣಿಯನ್ನು ಸೋಡ ಹಾಕಿ ಮೆತ್ತಗೆ ಬೇಯಿಸಿ, ಈರುಳ್ಳಿಯ ಜಾತಿಯ ಒಂದು ಸೊಪ್ಪನ್ನು ಸೇರಿಸಿದ ಪದಾರ್ಥ. ಕಪ್ಪು ಅಕ್ಕಿಯ ಪಾಯಸವೂ ಇದ್ದಿತು. ಬಣ್ಣ ನೇರಳೆ, ಪರಿಮಳ ಅಪೂರ್ವ. ನಮ್ಮ ಮನೆಯವರು ಅದರ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು.

ಆ ನಾಡಿನಲ್ಲಿ ಅನ್ನದ ಊಟ ದಿನಕ್ಕೆ ಎರಡು ಸಲ: ಬೆಳಗ್ಗೆ ಎಂಟು ಒಂಬತ್ತು ಗಂಟೆಗೊಮ್ಮೆ, ಸಂಜೆ ಕತ್ತಲಾದ ಮೇಲೊಮ್ಮೆ. ರೈತನಿಗೂ ವ್ಯಾಪಾರದ ಹೆಂಗಸಿಗೂ ಇದು ಹೊಂದಿಕೊಂಡ ಪದ್ಧತಿ. ಆಟಗಾರ್ತಿಗೆ ಹೊಂದುವುದಿಲ್ಲ. ಬೆಳಗಿನ ಅಭ್ಯಾಸ ಐದು ಗಂಟೆಗೆ, ಊಟಕ್ಕೆ ಮುಂಚೆ. ಪಂದ್ಯಗಳು ಮಧ್ಯಾಹ್ನ ಎರಡು ಗಂಟೆಗೆ, ಊಟವಾಗಿ ಐದಾರು ಗಂಟೆ ಕಳೆದ ಮೇಲೆ. ಬಡತನ ಮಾತ್ರವೇ ಕಾರಣವೆಂದು ನಾವು ತಿಳಿದಿದ್ದೆವು. ಅಕ್ಕಿಯಿರುವ ಮನೆಯಲ್ಲಿಯೂ ಹೊತ್ತು ತಪ್ಪಿದರೆ ಹುಡುಗಿ ಹಸಿದೇ ಓಡುತ್ತಾಳೆಂಬುದು ನಮಗೆ ಹೊಳೆದಿರಲಿಲ್ಲ.

ಬಡಿಸುವ ಕ್ರಮವನ್ನೂ ನೋಡಿದೆವು. ಮೊದಲು ತಂದೆಗೂ ಇಬ್ಬರು ಅಣ್ಣಂದಿರಿಗೂ; ಆಮೇಲೆ ಹುಡುಗಿಗೆ; ಕೊನೆಗೆ ತಾಯಿ. ಆಡುವವಳು ಹುಡುಗಿ, ಮೀನಿನ ದೊಡ್ಡ ತುಂಡು ಹೋದುದು ಆಡದ ಅಣ್ಣನ ತಟ್ಟೆಗೆ. ಇದನ್ನು ಆಕ್ಷೇಪಿಸುವ ಅಧಿಕಾರ ನಮಗೇನೂ ಇರಲಿಲ್ಲ. ನಮ್ಮ ಮನೆಗಳ ಪಂಕ್ತಿ ಬೇರೆ ಏನಲ್ಲ. ಹುಡುಗಿ ಎರಡನೆಯ ಸಲ ಅನ್ನ ಬಡಿಸಿಕೊಂಡಾಗ ಅಜ್ಜಿಯು ಏನೋ ಹೇಳಿದಳು, ಎಲ್ಲರೂ ನಕ್ಕರು, ಹುಡುಗಿ ಕೈ ತೊಳೆದುಬಿಟ್ಟಳು. ಅಜ್ಜಿಯ ಮಾತೇನೆಂದು ದಾರಿಯಲ್ಲಿ ಅಕ್ಕನನ್ನು ಕೇಳಿದೆವು. “ಇಷ್ಟು ತಿಂದರೆ ಕರೆದುಕೊಂಡು ಹೋಗುವವನು ಗದ್ದೆ ಮಾರಬೇಕಾಗುತ್ತದೆ, ಎಂದಳು. ತಮಾಷೆಗೆ.” ಸ್ವಲ್ಪ ಹೊತ್ತು ನಡೆದ ಮೇಲೆ ಅವರೇ ಮತ್ತೆ, “ಆ ತಮಾಷೆಯಿಂದ ನನಗೆ ವರ್ಷಕ್ಕೆ ಇಬ್ಬರು ಆಟಗಾರ್ತಿಯರು ಹೋಗುತ್ತಾರೆ,” ಎಂದರು.

ಊರಿಗೆ ಬಂದ ಮೇಲೆ ಈ ವಿಷಯದಲ್ಲಿ ವೈದ್ಯರಾದ ಮಿತ್ರರೊಬ್ಬರ ಸಹಾಯದಿಂದ ತಕ್ಕಮಟ್ಟಿಗೆ ಓದಿದೆವು. ಆಹಾರದ ಮಾತ್ರೆಯು ಅವರವರ ಅಗ್ನಿಬಲವನ್ನು ಅನುಸರಿಸತಕ್ಕದ್ದೆಂಬ ಅಭಿಪ್ರಾಯ ಚರಕಸಂಹಿತೆಯಲ್ಲಿಯೇ ಇದೆ. ಈಗಿನ ಶಾಸ್ತ್ರಜ್ಞರು ಅದಕ್ಕೆ ಅಂಕಿಗಳನ್ನು ಕೊಟ್ಟಿದ್ದಾರೆ. ತೊಂಬತ್ತು ನಿಮಿಷಗಳ ಪಂದ್ಯದಲ್ಲಿ ಒಬ್ಬ ಆಟಗಾರ್ತಿ ಸುಮಾರು ಹತ್ತು ಕಿಲೋಮೀಟರು ಓಡಾಡುತ್ತಾಳೆ. ವೇಗವಾಗಿ ಓಡುವುದಕ್ಕೆ ಬೇಕಾದ ಇಂಧನ ಬಹುಪಾಲು ಅನ್ನ, ರೊಟ್ಟಿ, ಗೆಣಸು, ಬಾಳೆಹಣ್ಣು ಇವುಗಳ ಪಿಷ್ಟ ಮತ್ತು ಸಕ್ಕರೆಯಿಂದ ಬರುವುದು. ಅದು ಗ್ಲೈಕೊಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುತ್ತದೆ. ಕಣಜ ಚಿಕ್ಕದು, ರಾತ್ರಿಯ ಉಪವಾಸದಿಂದಲೇ ಯಕೃತ್ತಿನ ಕಣಜ ಬಹಳಷ್ಟು ಖಾಲಿಯಾಗಿರುತ್ತದೆ. ಎರಡನೆಯ ಅರ್ಧದಲ್ಲಿ ಕಾಲು ಬಾರದಿರುವುದಕ್ಕೆ ಇದು ಮುಖ್ಯವಾದ ಕಾರಣ. ಸೋಮಾರಿತನವಲ್ಲ.

ಯುರೋಪಿನ ಕಾಲ್ಚೆಂಡಾಟದ ಒಕ್ಕೂಟದವರು ತಜ್ಞರಿಂದ ಬರೆಯಿಸಿ 2021ರಲ್ಲಿ ಪ್ರಕಟಪಡಿಸಿದ ನಿರೂಪಣೆಯಂತೆ, ಪಂದ್ಯದ ಹಿಂದಿನ ದಿನವೂ ಪಂದ್ಯದ ದಿನವೂ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 6ರಿಂದ 8 ಗ್ರಾಂ ಪಿಷ್ಟಾಂಶ ಬೇಕು. ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮುಂಚೆ ಒಂದು ಸರಿಯಾದ ಊಟವಾಗಿರಬೇಕು. ಪ್ರೋಟೀನು ದಿನಕ್ಕೆ ಕಿಲೋಗ್ರಾಮಿಗೆ 1.6 ಗ್ರಾಮಿನಿಂದ 2.2 ಗ್ರಾಂ. ನಮ್ಮ ಗೃಹಿಣಿಯರ ಲೆಕ್ಕದಲ್ಲಿ ಹೇಳುವುದಾದರೆ, ಐವತ್ತು ಕಿಲೋಗ್ರಾಂ ತೂಗುವ ಹುಡುಗಿಗೆ ಅಂಥ ದಿನದಲ್ಲಿ ಕನಿಷ್ಠ 300 ಗ್ರಾಂ ಪಿಷ್ಟಾಂಶ. ಅಕ್ಕಿಯೊಂದರಿಂದಲೇ ಅದನ್ನು ಪಡೆಯಬೇಕಾದರೆ ಸುಮಾರು 380 ಗ್ರಾಂ ಅಕ್ಕಿ, ಎಂದರೆ ಹತ್ತಿರಹತ್ತಿರ ಎರಡು ಪಾವು, ಬೇಯಿಸಬೇಕು. ಎರಡು ಪಾವು! ಅಜ್ಜಿಯ ತಮಾಷೆಯಲ್ಲಿ ಅಂಕಗಣಿತ ತಪ್ಪಿರಲಿಲ್ಲ. ನ್ಯಾಯ ಮಾತ್ರ ತಪ್ಪಿದ್ದಿತು. ಇಷ್ಟು ಅಕ್ಕಿಯಲ್ಲಿ ಪ್ರೋಟೀನು ಮೂವತ್ತು ಗ್ರಾಮಿನೊಳಗೇ, ಬೇಕಾದುದು ಎಂಬತ್ತು. ಉಳಿದುದು ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇವುಗಳಿಂದ ಬರತಕ್ಕದ್ದು. ಮೊಟ್ಟೆಯೊಂದರಲ್ಲಿ ಸುಮಾರು ಆರು ಗ್ರಾಂ. ಈ ಲೆಕ್ಕವೆಲ್ಲ ಬೆಳೆದ ಆಟಗಾರರಿಗೆ ಹೇಳಿದುದು. ಬೆಳೆಯುವ ಹುಡುಗಿಗೆ ಬೆಳವಣಿಗೆಯ ಪಾಲು ಬೇರೆ.

ಇನ್ನು ರಕ್ತದ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2020ರ ನಿರ್ದೇಶದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶವಾದರೆ ಹೆಂಗಸಿಗೆ 29. ಅವಳಿಗೆ ತಿಂಗಳು ತಿಂಗಳೂ ಆಗುವ ನಷ್ಟವೇ ಇದಕ್ಕೆ ಕಾರಣ. ಹೆಚ್ಚು ಬೇಕಾದವಳಿಗೆ ಕಡಿಮೆ ಬಡಿಸುವುದು ನಮ್ಮ ಪದ್ಧತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಾಲ್ವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ಮಣಿಪುರದಲ್ಲಿ ಇದು ನೂರಕ್ಕೆ ಮೂವತ್ತರೊಳಗೆ. ನಮ್ಮ ಕರ್ನಾಟಕದಲ್ಲಿ ನಾಲ್ವತ್ತೇಳಕ್ಕೂ ಮೇಲೆ. ಙಾರಿಯ ವಾಸನೆಗೆ ಮೂಗು ಮುರಿದ ನಾವು ಈ ಅಂಕಿಯನ್ನು ಓದಿ ಸುಮ್ಮನಾದೆವು. ಆದರೆ ಇದು ಬಡದೇಶದ ಕಾಯಿಲೆ ಮಾತ್ರವೆಂದೂ ಹೇಳಲಾಗದು. ಸ್ವೀಡನ್ನಿನ ರಾಷ್ಟ್ರೀಯ ಮಹಿಳಾತಂಡವು 2003ರ ವಿಶ್ವಕಪ್ಪಿಗೆ ಹೋಗುವ ಆರು ತಿಂಗಳ ಮುಂಚೆ ಅದರ 28 ಆಟಗಾರ್ತಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 57 ಮಂದಿಗೆ ಕಬ್ಬಿಣಾಂಶದ ಕೊರತೆಯೂ, 29 ಮಂದಿಗೆ ರಕ್ತಹೀನತೆಯೂ ಇದ್ದಿತು. ಹಾಲು ಬೆಣ್ಣೆಗಳ ನಾಡಿನ ಆ ಹೆಣ್ಣುಮಕ್ಕಳು ಆ ವರ್ಷ ವಿಶ್ವಕಪ್ಪಿನ ಅಂತಿಮ ಪಂದ್ಯದವರೆಗೂ ಹೋದರು. ಇಂಗ್ಲೆಂಡಿನ ವೃತ್ತಿಪರ ಆಟಗಾರ್ತಿಯರನ್ನು ಪರೀಕ್ಷಿಸಿದವರೂ ಅವರಲ್ಲಿ ಅನೇಕರು ಬೇಕಾದುದಕ್ಕಿಂತ ಕಡಿಮೆ ಪಿಷ್ಟಾಂಶವನ್ನು ತಿನ್ನುತ್ತಾರೆಂದು ಬರೆದಿದ್ದಾರೆ. ಇಲ್ಲಿ ಅಜ್ಜಿಯ ತಮಾಷೆ. ಅಲ್ಲಿ ಕನ್ನಡಿಯ ಭಯ.

ಊಟದ ಜೊತೆಗೆ ಚಹ ಕುಡಿದರೆ ಅನ್ನ ಸೊಪ್ಪುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ; ನೆಲ್ಲಿಕಾಯಿ, ನಿಂಬೆಹಣ್ಣುಗಳಿಂದ ಹೆಚ್ಚುತ್ತದೆ. ಅಕ್ಕನು ಯಾವ ಪುಸ್ತಕವನ್ನು ಓದಿದ್ದರೋ ತಿಳಿಯದು, ಚಹವನ್ನು ಊಟದಿಂದ ಒಂದು ಗಂಟೆ ದೂರವಿಡಿರೆಂದು ಹುಡುಗಿಯರಿಗೆ ಕಟ್ಟಪ್ಪಣೆ ಮಾಡಿದ್ದರು.

ಮನೆಯ ಹಿರಿಯರ ಮುಂದೆ ಹೇಳಲು ಸಂಕೋಚಪಡುವ ಒಂದು ಸಂಗತಿಯನ್ನೂ ಬರೆಯಬೇಕಾಗಿದೆ. ಆಟಕ್ಕೆ ತಕ್ಕಷ್ಟು ತಿನ್ನದ ಹುಡುಗಿಯ ದೇಹವು ಮೊದಲು ತನಗೆ ಆ ಹೊತ್ತಿಗೆ ಬೇಡವಾದ ಖರ್ಚುಗಳನ್ನು ನಿಲ್ಲಿಸುತ್ತದೆ. ತಿಂಗಳ ಮುಟ್ಟು ತಪ್ಪುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ಹಿಂದೆಯೇ ಎಲುಬುಗಳು ಬಲಗುಂದಿ, ಬಿದ್ದ ಪೆಟ್ಟಿಲ್ಲದೆಯೂ ಬಿರುಕು ಬಿಡುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು 2014ರಲ್ಲಿ ಈ ಸ್ಥಿತಿಗೆ ಒಂದು ಪ್ರತ್ಯೇಕವಾದ ಹೆಸರನ್ನೇ ಕೊಟ್ಟು ಎಚ್ಚರಿಸಿದ್ದಾರೆ. “ಎಷ್ಟೋ ತಾಯಂದಿರು ಅದು ನಿಂತುದು ಅನುಕೂಲವೇ ಆಯಿತು, ಆಟಕ್ಕೆ ಅಡ್ಡಿಯಿಲ್ಲ, ಎಂದುಕೊಳ್ಳುತ್ತಾರೆ,” ಎಂದು ಅಕ್ಕನು ನಮ್ಮ ಮನೆಯವರಿಗೆ ಹೇಳಿದರಂತೆ. ಅದು ಅನುಕೂಲವಲ್ಲ. ಅಂಥ ಹುಡುಗಿಯನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಟ್ಟೆಯಲ್ಲಿ ಅನ್ನವನ್ನು ಹೆಚ್ಚಿಸಬೇಕು.

ಅಕ್ಟೋಬರ್ 11ನೆಯ ತಾರೀಕು ರಾತ್ರಿ ಅಳಿಯಂದಿರ ಮನೆಯಲ್ಲಿ ನೆರೆಹೊರೆಯವರೆಲ್ಲ ಟೀವಿಯ ಮುಂದೆ ಕುಳಿತರು. ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು ಆ ವರ್ಷ ನಮ್ಮ ದೇಶದಲ್ಲಿಯೇ ನಡೆಯಿತು. ಭುವನೇಶ್ವರದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಮೊದಲ ಪಂದ್ಯ. ನಾಯಕಿ ಅಷ್ಟಮ್ ಉರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯವಳು. ತಂಡದಲ್ಲಿ ಮಣಿಪುರದ ಹುಡುಗಿಯರೂ ಹಲವರು. ಅಕ್ಕನೂ ಬಂದಿದ್ದರು. ಎಂಟು ಗೋಲುಗಳು ನಮ್ಮ ಮೇಲೆ. ನಮ್ಮವರದು ಒಂದೂ ಇಲ್ಲ. ಕೊನೆಯ ಹೊತ್ತಿಗೆ ಕೋಣೆಯಲ್ಲಿ ಮಾತೇ ಇರಲಿಲ್ಲ. ಆಮೇಲೆ ಒಬ್ಬರು, “ಅವರು ಮಾಂಸ ತಿನ್ನುವವರು, ನಮ್ಮವರಿಗೆ ಹೇಗೆ ಸಾಧ್ಯ?” ಎಂದರು. ಅಕ್ಕನಿಗೆ ಕೋಪ ಬಂದಿತು. “ಮಾಂಸವಲ್ಲ. ಆ ಹುಡುಗಿಯರನ್ನು ಯಾರೂ ಆರನೆಯ ವಯಸ್ಸಿನಿಂದ ಸಾಕು ಏಳು ಎಂದು ತಟ್ಟೆಯ ಮುಂದಿನಿಂದ ಎಬ್ಬಿಸಿಲ್ಲ. ನಮ್ಮ ಹುಡುಗಿಯರಿಗೆ ಶಿಬಿರದಲ್ಲಿ ಒಂದು ವರ್ಷ ಹೊಟ್ಟೆತುಂಬ ಕೊಟ್ಟರೆ ಹತ್ತು ವರ್ಷದ ಸಾಲ ತೀರುತ್ತದೆಯೆ?” ಎಂದರು. ಸೋಲಿಗೆಲ್ಲ ಊಟವೇ ಕಾರಣವೆಂದು ನಾವು ಒಪ್ಪುವುದಿಲ್ಲ. ಆ ದೇಶದಲ್ಲಿ ಹುಡುಗಿಯರಿಗೆ ಇರುವ ಬಯಲುಗಳೆಷ್ಟು, ಪಂದ್ಯಗಳೆಷ್ಟು! ಆದರೂ ಅಕ್ಕನ ಪ್ರಶ್ನೆಗೆ ಆ ರಾತ್ರಿ ಯಾರೂ ಉತ್ತರ ಹೇಳಲಿಲ್ಲ.

ಹೊರಡುವ ಮುನ್ನಾದಿನ ಬಯಲಿನ ಹುಡುಗಿಯರಿಗೆ ಒಂದು ಪಂದ್ಯವಿದ್ದಿತು, ಮಧ್ಯಾಹ್ನ ಎರಡು ಗಂಟೆಗೆ. ಹತ್ತೂವರೆಗೆ ಅಕ್ಕನ ಮನೆಯ ಅಂಗಳದಲ್ಲಿ ಎಲ್ಲರೂ ಸಾಲಾಗಿ ಕುಳಿತರು. ಅನ್ನ, ಬೇಯಿಸಿದ ಆಲೂಗಡ್ಡೆ, ತೆಳುವಾದ ಬೇಳೆ. ಆ ದಿನ ಖಾರವಿಲ್ಲ, ಕರಿದುದಿಲ್ಲ. ಆಟಕ್ಕೆ ಒಂದು ಗಂಟೆ ಮುಂಚೆ ಬಾಳೆಹಣ್ಣು. ವಿರಾಮದಲ್ಲಿ ಬೆಲ್ಲವೂ ಚಿಟಿಕೆ ಉಪ್ಪೂ ಹಾಕಿದ ನಿಂಬೆಯ ಪಾನಕ. ನಡುಬಯಲಿನ ಹುಡುಗಿಯ ತಟ್ಟೆಗೆ ಅಕ್ಕನು ಕೇಳದೆಯೇ ಮೂರು ಸಲ ಬಡಿಸಿದರು. ಅವಳ ತಾಯಿಯೂ ಪೇಟೆಯನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಂದ್ಯದಲ್ಲಿ ಗೆದ್ದರೋ ಎಂದು ವಾಚಕರು ಕೇಳಬಹುದು. ಇಲ್ಲ, ಒಂದಕ್ಕೆ ಒಂದು, ಸಮವಾಯಿತು. ಆದರೆ ಆ ಒಂದು ಗೋಲು ಬಂದುದು ಎಂಬತ್ತನೆಯ ನಿಮಿಷ ದಾಟಿದ ಮೇಲೆ.

ಊರಿಗೆ ಹಿಂತಿರುಗಿದ ಮೇಲೆ ನಮ್ಮ ಮನೆಯವರು ರಾಗಿಯ ಹುರಿಹಿಟ್ಟನ್ನು ಮಾಡಿ ಅಂಚೆಯಲ್ಲಿ ಕಳುಹಿಸಿದರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಇರುವುದೆಂದು ಕಾಗದವನ್ನೂ ಬರೆದೆವು. ಅದರ ಬಣ್ಣವನ್ನು ನೋಡಿ ಹುಡುಗಿಯರು ಮಣ್ಣೆಂದು ನಕ್ಕರಂತೆ. ಬೆಲ್ಲ ಬೆರೆಸಿ ಕೊಟ್ಟ ಮೇಲೆ ಡಬ್ಬಿ ನಾಲ್ಕು ದಿನ ಬಾಳಲಿಲ್ಲವಂತೆ.

2023ನೆಯ ಇಸವಿ ಮೇ 3ರಿಂದ ಆ ನಾಡಿನಲ್ಲಿ ನಡೆದ ಕಲಹವನ್ನು ವಾಚಕರೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರೆ. ಇನ್ನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಸಾವಿರಾರು ಸಂಸಾರಗಳು ಮನೆ ಬಿಟ್ಟು ಶಿಬಿರಗಳನ್ನು ಸೇರಿದುವು. ಅಳಿಯಂದಿರಿಗೆ ಬೇರೆ ಊರಿಗೆ ವರ್ಗವಾಯಿತು. ಅಕ್ಕನ ದೂರವಾಣಿ ಬಹುಕಾಲ ಸಿಕ್ಕಲಿಲ್ಲ. ಆ ವರ್ಷದ ಕೊನೆಗೆ ಒಂದು ಸಂಜೆ ಅವರೇ ಮಾತಾಡಿದರು. ಬೆಟ್ಟದ ಕಡೆಯ ಹುಡುಗಿಯರು ಹೋದವರು ಮತ್ತೆ ಬಂದಿಲ್ಲ. ಕಣಿವೆಯ ಕೆಲವರು ಶಿಬಿರದಲ್ಲಿದ್ದಾರೆ, ಅಲ್ಲಿಂದಲೇ ನಡೆದು ಬರುತ್ತಾರೆ. ಬೆಳಗಿನ ಅಭ್ಯಾಸ ಮತ್ತೆ ಪ್ರಾರಂಭವಾಗಿದೆ. ಅಷ್ಟರಲ್ಲಿ ಏನು ಕೇಳಬೇಕೆಂದು ತೋರದೆ, ರಾತ್ರಿ ಎಷ್ಟು ಕಡಲೆ ನೆನೆಹಾಕುತ್ತೀರಿ ತಾಯಿ, ಎಂದು ಕೇಳಿದೆವು. “ಮೊದಲಿನ ಅರ್ಧ, ಮಾಸ್ಟರ್‌ಜಿ,” ಎಂದರು. ನಡುಬಯಲಿನ ಹುಡುಗಿ ಬರುತ್ತಾಳೆಯೆ ಎಂದೆವು. ಬರುತ್ತಾಳೆ, ಈಗ ಬೆಳಗ್ಗೆ ನಾಲ್ಕೂವರೆಗೆ ಅವಳ ಅಜ್ಜಿಯೇ ಎದ್ದು, ರಾತ್ರಿಯ ಅನ್ನವನ್ನು ಬಿಸಿಮಾಡಿ ತಿನ್ನಿಸಿ ಕಳುಹಿಸುತ್ತಾಳಂತೆ. ಹುರಿಹಿಟ್ಟನ್ನು ಇನ್ನೊಂದು ಸಲ ಕಳುಹಿಸಬಹುದೆ ಎಂದು ಕೇಳಿದರು. ಮರುದಿನವೇ ಐದು ಕಿಲೋಗ್ರಾಂ ಕಟ್ಟಿ ಅಂಚೆಗೆ ಹಾಕಿದೆವು.